ಸ್ಕಾಟ್ಲೆಂಡಿನ ಗೂನು ಇಲಿ

ರಾಜಾಜಿನಗರ

ನಾನು ಸ್ಕಾಟ್ಲೆಂಡಿಗೆ ಹೋಗುತ್ತೇನೆಂದು ಗೊತ್ತಾದಾಗ ನಮ್ಮ ಅತ್ತೆ ಹಡಗಿನ ಬಗ್ಗೆ ಕೇಳಲಿಲ್ಲ, ಚಳಿಯ ಬಗ್ಗೆ ಕೇಳಲಿಲ್ಲ. ಅಲ್ಲಿ ನಿನಗೇನು ಕೆಲಸ ಎಂದು ಕೇಳಿದರು. ನಾನು ಆಗ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಶರೀರಶಾಸ್ತ್ರದ ಪಾಠ ಹೇಳುತ್ತಿದ್ದೆ. ಇಲಿಗಳ ಮೂಳೆ ಹೇಗೆ ಬೆಳೆಯುತ್ತದೆ, ಬೆನ್ನು ಯಾಕೆ ಬಾಗುತ್ತದೆ ಎಂದು ನೋಡುವ ಕೆಲಸ ಅಂತ ಹೇಳಿದೆ.

"ಇಲಿ ನೋಡೋಕೆ ಸಮುದ್ರ ದಾಟಬೇಕೇನೇ ಗಿರಿಜಾ? ನಮ್ಮ ಅಟ್ಟದ ಮೇಲೆ ಬೇಕಾದಷ್ಟಿದಾವಲ್ಲ!"

ನಮ್ಮ ಯಜಮಾನರು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಯಾವುದನ್ನೂ ಬಿಡಿಸಿ ಹೇಳದೆ ಅವರಿಗೆ ಸಮಾಧಾನವಿಲ್ಲ. ತಾಯಿಯನ್ನು ಕೂರಿಸಿಕೊಂಡು ವಿವರಿಸಿದರು: ತಲೆಬುರುಡೆಯ ತಳದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ ಇದೆ, ಅದರಿಂದ ಒಂದು ರಸ ರಕ್ತಕ್ಕೆ ಸೇರುತ್ತದೆ, ಅದಕ್ಕೆ ಹಾರ್ಮೋನು ಎನ್ನುತ್ತಾರೆ, ಅದು ಇದ್ದರೆ ಮೂಳೆ ಬೆಳೆಯುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಇಷ್ಟನ್ನೂ ಅವರು ಜಗಲಿಯ ಮೇಲೆ ಕೂತು ಹೇಳಿದ್ದೇ ತಪ್ಪಾಯಿತು. ಆಗ ನಮ್ಮ ಬಡಾವಣೆ ತೀರ ಹೊಸದು. ಮರ ಇರಲಿಲ್ಲ, ಮನೆಗಳ ನಡುವೆ ಕಾಂಪೌಂಡೂ ಇರಲಿಲ್ಲ. ಕೆಂಪು ಧೂಳು ಹೇಗೆ ಮನೆಯಿಂದ ಮನೆಗೆ ಹೋಗುತ್ತಿತ್ತೋ ಮಾತೂ ಹಾಗೆಯೇ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಇಡೀ ಬ್ಲಾಕಿಗೆ ಗೊತ್ತಾಗಿದ್ದ ಸುದ್ದಿ ಏನೆಂದರೆ, ಗಿರಿಜಮ್ಮ ಉದ್ದ ಆಗುವ ಔಷಧಿ ತರಲು ಹೋಗುತ್ತಿದ್ದಾರೆ.

ಎದುರು ಮನೆಯವರು ಮಗಳಿಗೆ ಒಂದು ಸೀಸೆ ಬೇಕೆಂದರು, ಗಂಡಿನ ಕಡೆಯವರು ಹುಡುಗಿ ಗಿಡ್ಡ ಅಂದಿದ್ದರಂತೆ. ಹಿಂದಿನ ಮನೆಯವರು ಬಂದು, ತಮ್ಮ ಮಗನ ಷರಾಯಿ ಮೂರು ತಿಂಗಳಿಗೊಮ್ಮೆ ಗಿಡ್ಡವಾಗುತ್ತಿದೆ, ಬೆಳೆಯದಿರಲು ಏನಾದರೂ ಸಿಗುತ್ತದೆಯೇ ನೋಡಿ ಎಂದರು. ಎಲ್ಲರಿಗಿಂತ ಹೆಚ್ಚು ಕಾಡಿದವನು ನನ್ನ ಮೈದುನ ನಾಗರಾಜ. ಅವನಿಗೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗುವ ಹುಚ್ಚು. ಮೀಸೆ ಆಗಲೇ ಇನ್ಸ್‌ಪೆಕ್ಟರದ್ದಾಗಿತ್ತು, ಎತ್ತರ ಮಾತ್ರ ಸಾಲದು.

"ಅತ್ತಿಗೆ, ಜಾಸ್ತಿ ಬೇಡ. ಒಂದೇ ಒಂದಿಂಚು ಸಾಕು," ಅಂದ.

"ಅದು ಇಲಿಗೆ ಕಣೋ, ಮನುಷ್ಯರಿಗಲ್ಲ."

"ಇಲಿಗೆ ಒಂದಿಂಚು ಬಂದ್ರೆ ನಂಗೆ ಅರ್ಧನಾದ್ರೂ ಬರಲ್ವಾ? ಉಳಿದಿದ್ದನ್ನ ಬೂಟಲ್ಲಿ ನೋಡ್ಕೋತೀನಿ."

ಅತ್ತೆ ಮಾತ್ರ ಏನೂ ಕೇಳಲಿಲ್ಲ. ನನ್ನ ಪೆಟ್ಟಿಗೆಯ ಅರ್ಧವನ್ನು ಕೋಡುಬಳೆಯಿಂದ ತುಂಬಿಸಿದರು.

ಹಡಗು

ಮುಂಬಯಿಯಿಂದ ಹೊರಟ ಹಡಗಿನಲ್ಲಿ ನನಗೆ ಸಿಕ್ಕ ಗೌರವ ಬಹಳ ಬೇಗ ಬಂದು ಬಹಳ ಬೇಗ ಹೋಯಿತು. ಊಟದ ಮೇಜಿನಲ್ಲಿ ಒಬ್ಬ ಇಂಗ್ಲಿಷ್ ಹೆಂಗಸು ನನ್ನ ವೃತ್ತಿ ಕೇಳಿದಳು. ಇಲಿಗಳ ಅಧ್ಯಯನ ಎಂದೆ. ಅವಳು ಕುರ್ಚಿಯನ್ನು ಸ್ವಲ್ಪ ಸರಿಸಿಕೊಂಡಳು. ಆದರೆ ಬಡಿಸುತ್ತಿದ್ದ ಗೋವೆಯ ಬಟ್ಲರನ ಮುಖ ಅರಳಿತು.

ಮಾರನೆಯ ದಿನ ತಿಂಡಿಯಾದ ಮೇಲೆ ಅವನು ಬಂದು ಕೈಮುಗಿದು, "ಡಾಕ್ಟರ್ ಮೇಡಂ, ಉಗ್ರಾಣಕ್ಕೆ ಒಂದು ನಿಮಿಷ ಬರ್ತೀರಾ?" ಎಂದ. ಯಾರಿಗೋ ಹುಷಾರಿಲ್ಲವೆಂದುಕೊಂಡು ಹೋದೆ. ಹಿಟ್ಟಿನ ಚೀಲದ ಮೇಲೆ ಹೆಗ್ಗಣವೊಂದು ಕೂತಿತ್ತು. ನಮ್ಮ ಮನೆಯ ಬೆಕ್ಕಿಗಿಂತ ದೊಡ್ಡದು. ನನ್ನನ್ನು ನೋಡಿ ಅದು ಕದಲಲಿಲ್ಲ. ಅದನ್ನು ನೋಡಿ ನಾನು ಸೀರೆ ಎತ್ತಿಕೊಂಡು ಪಕ್ಕದ ಸ್ಟೂಲಿನ ಮೇಲೆ ಹತ್ತಿ ನಿಂತುಬಿಟ್ಟೆ. ಅಲ್ಲಿಯವರೆಗೆ ನಾನು ಮುಟ್ಟಿದ್ದೆಲ್ಲ ಕಾಲೇಜಿನ ಬಿಳಿ ಇಲಿಗಳು, ಅವಕ್ಕೆ ಶಿಸ್ತು ಇತ್ತು. ಬಟ್ಲರನೇ ಪೊರಕೆ ಹಿಡಿದು ಓಡಿಸಿ ನನ್ನನ್ನು ಕೈಹಿಡಿದು ಇಳಿಸಿದ. ಆಮೇಲೆ ಅವನು ನನ್ನನ್ನು ಡಾಕ್ಟರ್ ಎನ್ನಲಿಲ್ಲ, ಬರೀ ಮೇಡಂ ಎಂದ.

ಇಲಿಮನೆ

ನಾನು ಹೋಗಿ ಸೇರಿದ್ದು ಎಡಿನ್‌ಬರೋದಿಂದ ಸ್ವಲ್ಪ ದೂರದ ಒಂದು ಸಣ್ಣ ಊರು. ಕಲ್ಲಿನ ಮನೆಗಳು, ಬೂದು ಆಕಾಶ. ಮಳೆ ಬರುತ್ತಿದೆಯೋ ನಿಂತಿದೆಯೋ ಎಂದು ಹೇಳಲಾಗದಂಥ ಹವೆ. ನಮ್ಮಲ್ಲಿ ಎದುರಾದವರು ಊಟ ಆಯ್ತಾ ಎಂದು ಕೇಳುತ್ತಾರೆ, ಅಲ್ಲಿಯವರು ಹವೆ ಹೇಗಿದೆ ಎನ್ನುತ್ತಾರೆ. ಇಬ್ಬರೂ ನಿಂತಿರುವುದು ಒಂದೇ ಹವೆಯಲ್ಲಿ, ಉತ್ತರ ಇಬ್ಬರಿಗೂ ಗೊತ್ತು. ಊಟದ ಪ್ರಶ್ನೆಯಲ್ಲಾದರೆ ಸ್ವಲ್ಪ ಕುತೂಹಲವಾದರೂ ಇರುತ್ತದೆ.

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಲೋಗನ್. ಅಷ್ಟು ಎತ್ತರದ ಹೆಂಗಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಲ್ಲರ ಜೊತೆ ಬಗ್ಗಿ ಮಾತನಾಡಿ ಮಾತನಾಡಿ ಅವರ ಭುಜವೇ ಮುಂದಕ್ಕೆ ಬಾಗಿತ್ತು. ಸೀರೆ ಉಟ್ಟು, ಸ್ವೆಟರ್ ಹಾಕಿ, ಅದರ ಮೇಲೆ ದೊಗಳೆ ಓವರ್‌ಕೋಟು ತೊಟ್ಟು, ತಲೆಗೆ ಮಫ್ಲರ್ ಸುತ್ತಿದ್ದ ನನ್ನನ್ನು ಅವರು ಮೇಲಿನಿಂದ ನೋಡಿ, "ಒಳಗೆ ಯಾರಾದರೂ ಇದ್ದೀರಾ?" ಎಂದು ಕೇಳಿದರು. ಆ ಕ್ಷಣಕ್ಕೇ ನನಗೆ ಅವರು ಇಷ್ಟವಾದರು.

ಅಲ್ಲಿನ ಕೆಲಸ ಹೀಗಿತ್ತು. ಸ್ವೀಟ್ ಪೀ ಎಂಬ ಹೂವಿನ ಬಳ್ಳಿ ನಮ್ಮ ಲಾಲ್‌ಬಾಗಿನಲ್ಲೂ ಇದೆ. ಅದರ ಬೀಜವನ್ನು ಬೆಳೆಯುವ ವಯಸ್ಸಿನ ಇಲಿಗಳಿಗೆ ಹಾಕಿದರೆ ಅವುಗಳ ಬೆನ್ನುಮೂಳೆ ಬಾಗಿ ಗೂನಾಗುತ್ತದೆ. ನಮ್ಮ ದೇಶದಲ್ಲಿ ಕೆಲವು ಕಡೆ ಕೇಸರಿ ಬೇಳೆ ತಿಂದು ಜನರ ಕಾಲು ಸೋಲುತ್ತದಲ್ಲ, ಆ ಬೇಳೆಗೆ ಈ ಬೀಜ ದೂರದ ದಾಯಾದಿ, ಆದರೆ ಇದು ಹಿಡಿಯುವುದು ಮೂಳೆಯನ್ನು. ಡಾಕ್ಟರ್ ಲೋಗನ್ ಅವರ ಪ್ರಶ್ನೆ ಏನೆಂದರೆ, ಬೆಳವಣಿಗೆಯ ಹಾರ್ಮೋನಿಗೂ ಈ ಗೂನಿಗೂ ಏನು ಸಂಬಂಧ? ಅದಕ್ಕಾಗಿ ಇಲಿಗಳಲ್ಲಿ ಮೂರು ಪಂಗಡ. ಮೊದಲನೆಯವಕ್ಕೆ ಬರೀ ಬೀಜ. ಎರಡನೆಯವಕ್ಕೂ ಬೀಜ ಹಾಕುತ್ತಿದ್ದರು, ಆದರೆ ಎಳ್ಳುಕಾಳಿನಷ್ಟಿರುವ ಅವುಗಳ ಪಿಟ್ಯುಟರಿಯನ್ನು ತೆಗೆದಿದ್ದರು. ಅವು ಬೆಳೆಯಲಿಲ್ಲ, ಬೆನ್ನೂ ಹೆಚ್ಚು ಬಾಗಲಿಲ್ಲ. ಮೂರನೆಯವಕ್ಕೆ ಗ್ರಂಥಿ ತೆಗೆದು, ಬೀಜದ ಜೊತೆಗೆ ಹಾರ್ಮೋನನ್ನು ಸೂಜಿಯಲ್ಲಿ ಕೊಡುತ್ತಿದ್ದರು. ಅವು ಬೆಳೆದವು, ಬೆಳೆದ ಹಾಗೆ ಬಾಗಿದವು. ವಾರ ವಾರ ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುವುದು ನನ್ನ ಪಾಲಿನ ಕೆಲಸ. ಇಲಿಯನ್ನು ನೆಟ್ಟಗೆ ಮಲಗಿಸಿ ಅಳೆಯುವುದು ಎಂದರೆ ಎರಡು ವರ್ಷದ ಮಗುವಿಗೆ ಚೌಲ ಮಾಡಿಸಿದ ಹಾಗೆ.

ನಾಗರಾಜ ಅಷ್ಟು ಕಾಡಿದ್ದನಲ್ಲ, ಒಂದು ದಿನ ಕೇಳಿಯೇಬಿಟ್ಟೆ. "ನನ್ನ ಮೈದುನನಿಗೆ ಒಂದಿಂಚು ಬೇಕಂತೆ."

ಡಾಕ್ಟರ್ ಲೋಗನ್ ನಗಲಿಲ್ಲ. "ಬೆಳವಣಿಗೆ ಮುಗಿದವರ ಮೂಳೆ ಇದರಿಂದ ಉದ್ದವಾಗುವುದಿಲ್ಲ. ನನ್ನಿಂದ ಒಂದೆರಡಿಂಚು ಕತ್ತರಿಸಿ ಕಳಿಸುವ ಹಾಗಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ. ಅಂದ ಹಾಗೆ, ಈ ಹಾರ್ಮೋನು ಬರುವುದು ಕಸಾಯಿಖಾನೆಯ ಎತ್ತಿನ ತಲೆಯಿಂದ. ನಿಮ್ಮ ಮನೆಯಲ್ಲಿ ಅದು ನಡೆಯುತ್ತದೆಯೇ?"

ನಡೆಯುವ ಮಾತೇ ಇರಲಿಲ್ಲ. ಮನೆಗೆ ಬರೆದೆ. ಯಜಮಾನರ ಉತ್ತರದಲ್ಲಿ ಅತ್ತೆಯ ಮಾತು ಹಾಗೆಯೇ ಇತ್ತು: "ಬಸವನ ತಲೆಯಿಂದ ತೆಗೆದಿದ್ದನ್ನ ಚುಚ್ಚಿಸ್ಕೊಂಡು ಇವನು ಇನ್ಸ್‌ಪೆಕ್ಟರ್ ಆಗೋದು ಬೇಡ, ಕಾನ್ಸ್‌ಟೇಬಲ್ಲೂ ಆಗೋದು ಬೇಡ." ಅಷ್ಟರಲ್ಲಿ ನಾಗರಾಜ ಕಾಯಲಾರದೆ ಸ್ವಂತ ಪ್ರಯೋಗ ಶುರುಮಾಡಿದ್ದನಂತೆ. ದಿನಾ ಬೆಳಗ್ಗೆ ಹೊಸ ಮನೆಯ ಬಾಗಿಲಿನ ಚೌಕಟ್ಟು ಹಿಡಿದು ಜೋತಾಡುತ್ತಿದ್ದ. ಒಂದು ದಿನ ಚೌಕಟ್ಟು ಗಾರೆಯ ಸಮೇತ ಕಿತ್ತು ಬಂತು. ಈಗ ಬೆನ್ನು ಹಿಡಿದುಕೊಂಡು ಬಗ್ಗಿ ನಡೆಯುತ್ತಾನೆ, ಮೊದಲಿಗಿಂತ ಗಿಡ್ಡ ಕಾಣುತ್ತಾನೆ, ಮನೆಗೆ ಮುಂಬಾಗಿಲಿಲ್ಲ ಎಂದು ಬರೆದಿದ್ದರು.

ಮಿಸೆಸ್ ಪ್ರಿಂಗಲ್ ಮನೆ

ನಾನು ಬಾಡಿಗೆಗಿದ್ದದ್ದು ಮಿಸೆಸ್ ಪ್ರಿಂಗಲ್ ಎಂಬ ವಿಧವೆಯ ಮನೆಯಲ್ಲಿ. ದುಂಡಗೆ, ಗಿಡ್ಡಗೆ, ಕೆನ್ನೆ ಕೆಂಪಗೆ ಇದ್ದ ಹೆಂಗಸು. ಅವರ ಇಂಗ್ಲಿಷ್ ನನಗೆ ಮೂರನೆಯ ಸಲಕ್ಕೆ ಅರ್ಥವಾಗುತ್ತಿತ್ತು, ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಮೂರನೆಯ ಸಲ ಕೇಳಿದ್ದು. ಅಡುಗೆ ಎಂದರೆ ಅವರಿಗೆ ಬೇಯಿಸುವುದು. ಹೂಕೋಸನ್ನು ಅದರ ನೆನಪೂ ಉಳಿಯದ ಹಾಗೆ ಬೇಯಿಸುತ್ತಿದ್ದರು. ದಿನಾ ಸ್ನಾನ ಮಾಡುತ್ತೇನೆ ಎಂದಾಗ, "ಯಾಕೆ ಹುಡುಗಿ, ಏನಾದರೂ ಕಾಯಿಲೆಯೇ?" ಎಂದು ಕೇಳಿದ್ದರು. ಆದರೆ ನನ್ನ ಒದ್ದೆ ಸೀರೆಯನ್ನು ಅಗ್ಗಿಷ್ಟಿಕೆಯ ಮುಂದೆ ಆ ತುದಿಯಿಂದ ಈ ತುದಿಗೆ ಹಿಡಿದು ಒಣಗಿಸಿಕೊಡುತ್ತಿದ್ದವರೂ ಅವರೇ.

ಅವರ ಪ್ರಾಣವೆಲ್ಲ ಹಿತ್ತಿಲಿನ ಹೂವಿನಲ್ಲಿತ್ತು. ಯಾವ ಹೂವು? ಸ್ವೀಟ್ ಪೀ! ಗುಲಾಬಿ, ನೇರಳೆ, ಬಿಳಿ, ಬಿದಿರು ಕಡ್ಡಿಗಳ ಮೇಲೆ ಹಬ್ಬಿದ ಬಳ್ಳಿಗಳು. ಊರಿನ ತೋಟದವರೆಲ್ಲ ಉಳಿದ ಬೀಜವನ್ನು ವಿಜ್ಞಾನಕ್ಕೆಂದು ನಮ್ಮ ಪ್ರಯೋಗಾಲಯಕ್ಕೆ ಕೊಡುತ್ತಿದ್ದರು, ಇವರೂ ಒಂದು ಚೀಲ ಕೊಟ್ಟಿದ್ದರು. ಆ ಬೀಜದಿಂದ ಅಲ್ಲಿ ಏನಾಗುತ್ತದೆ ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೊದಲ ವಾರ ಅವರು ತಟ್ಟೆಗೆ ಬೇಯಿಸಿದ ಬಟಾಣಿ ಹಾಕಿದಾಗ ನಾನು ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಕೂತೆ. ಅದು ಬರೀ ತರಕಾರಿ ಬಟಾಣಿ, ಅದರಿಂದ ಏನೂ ಆಗುವುದಿಲ್ಲ ಎಂದು ಬುದ್ಧಿಗೆ ಗೊತ್ತಿತ್ತು, ಬೆನ್ನಿಗೆ ಗೊತ್ತಿರಲಿಲ್ಲ.

ಇಲಿ ಕಾಣೆಯಾದ ದಿನ

ಆ ವಾರದ ಕೊನೆಗೆ ಎಡಿನ್‌ಬರೋದಿಂದ ಮೂವರು ದೊಡ್ಡ ಮನುಷ್ಯರು ಬರುವವರಿದ್ದರು. ನಮ್ಮ ಕೆಲಸ ಮುಂದುವರಿಯಬೇಕೇ ಬೇಡವೇ ಎಂದು ಹೇಳುವವರು ಅವರೇ. ಬೇಡ ಎಂದರೆ ನಾನು ಮುಂದಿನ ಹಡಗಿನಲ್ಲಿ ಅರ್ಧ ಕಲಿತುಕೊಂಡು ವಾಪಸ್ಸು. ಅವರಿಗೆ ತೋರಿಸಲೆಂದು ಡಾಕ್ಟರ್ ಲೋಗನ್ ಮೂರನೆಯ ಪಂಗಡದಿಂದ ಒಂದು ಇಲಿಯನ್ನು ಆರಿಸಿಟ್ಟಿದ್ದರು. ಅದರ ಬೆನ್ನು ಒಂಟೆಯ ಬೆನ್ನಿನ ಹಾಗಿತ್ತು. ಅದಕ್ಕಿಂತ ಚೆನ್ನಾಗಿ ಬಾಗಿದ್ದು ಇನ್ನೊಂದಿರಲಿಲ್ಲ.

ಮಂಗಳವಾರ ಬೆಳಗ್ಗೆ ಹೋಗಿ ನೋಡಿದರೆ ಅದರ ಪಂಜರ ಖಾಲಿ. ಕೊಂಡಿ ಸಡಿಲವಾಗಿತ್ತು. ಇಡೀ ದಿನ ಹುಡುಕಿದೆವು. ಡಾಕ್ಟರ್ ಲೋಗನ್ ನೆಲದ ಮೇಲೆ ಪೂರ್ತಿ ಉದ್ದಕ್ಕೆ ಮಲಗಿ ಬೀರುವಿನ ಕೆಳಗೆ ಟಾರ್ಚು ಬಿಟ್ಟರು. ತಲೆ ಒಂದು ಕೋಣೆಯಲ್ಲಿದ್ದರೆ ಕಾಲು ಪಕ್ಕದ ಕೋಣೆಯಲ್ಲಿತ್ತು. ನಾನು ಕೋಡುಬಳೆ ಮುರಿದು ಮೂಲೆ ಮೂಲೆಗೆ ಇಟ್ಟೆ. ಆ ಇಲಿಗೆ ಅದೆಂದರೆ ಪ್ರಾಣ ಎಂದು ನನಗೆ ಗೊತ್ತಿತ್ತು, ನನ್ನ ಬೆರಳು ಮೂಸಿ ಮೂಸಿ ನೋಡುತ್ತಿತ್ತು. ಎಲ್ಲೂ ಸುಳಿವಿಲ್ಲ.

ಸಂಜೆ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದೆ. ಮಿಸೆಸ್ ಪ್ರಿಂಗಲ್ ಬಾಗಿಲಲ್ಲೇ ಬಾಯಿಗೆ ಬೆರಳಿಟ್ಟು, "ಶ್! ಮಲಗಿದ್ದಾನೆ," ಎಂದರು.

"ಯಾರು?"

"ನೀನು ನಿನ್ನೆ ಕೋಟಿನ ಜೇಬಿನಲ್ಲಿ ಕರೆತಂದವನು."

ಉಣ್ಣೆಯ ಬುಟ್ಟಿಯಲ್ಲಿ, ಟೀ ಕೆಟಲಿಗೆ ಹೊದಿಸುವ ಹೆಣೆದ ಟೊಪ್ಪಿಗೆಯೊಳಗೆ, ನಮ್ಮ ಗೂನು ಇಲಿ ಬೆಚ್ಚಗೆ ನಿದ್ದೆ ಮಾಡುತ್ತಿತ್ತು. ನಿನ್ನೆ ಪ್ರಯೋಗಾಲಯದಲ್ಲಿ ತೂಗುಹಾಕಿದ್ದ ಕೋಟಿನ ಜೇಬಿನಲ್ಲಿ ನನ್ನ ಕೋಡುಬಳೆ ಇತ್ತು, ಅದಕ್ಕಾಗಿ ಹತ್ತಿ ಒಳಗೆ ಕೂತಿದೆ. ನಾನು ಅದನ್ನು ಹೊತ್ತುಕೊಂಡೇ ಮನೆಗೆ ನಡೆದು ಬಂದಿದ್ದೇನೆ!

"ಮೊದಲು ಕಿರುಚಿ ಕುರ್ಚಿ ಹತ್ತಿದೆ," ಎಂದರು ಮಿಸೆಸ್ ಪ್ರಿಂಗಲ್. "ಆಮೇಲೆ ಬೆನ್ನು ನೋಡಿದೆ. ಪಾಪ, ಗೂನು. ಇಳಿದು ಬಂದು ಹಾಲು ಕೊಟ್ಟೆ. ಹ್ಯಾಮಿಷ್ ಅಂತ ಹೆಸರಿಟ್ಟಿದ್ದೇನೆ. ಇವನ ಬೆನ್ನಿಗೆ ಏನಾಯಿತು?"

ಸುಳ್ಳು ಹೇಳಲು ನಾಲಗೆ ಬರಲಿಲ್ಲ. ಬೀಜದ ವಿಷಯ, ಹಾರ್ಮೋನಿನ ವಿಷಯ ಎಲ್ಲ ಹೇಳಿದೆ. ಅವರ ಕೆಂಪು ಕೆನ್ನೆ ಬಿಳಿಚಿತು. ಕಿಟಕಿಯ ಹೊರಗೆ ಅವರ ಬಳ್ಳಿಗಳು ಗಾಳಿಗೆ ತಲೆ ಆಡಿಸುತ್ತಿದ್ದವು.

"ನನ್ನ ಹೂವು ಮಾಡಿದ್ದಾ ಇದನ್ನು?"

"ನಿಮ್ಮದೇ ಅಂತ ಹೇಳೋಕಾಗಲ್ಲ. ಬೀಜ ಇಡೀ ಊರಿನದು."

"ಈಗ ಇವನನ್ನು ಕರೆದುಕೊಂಡು ಹೋದರೆ ಕೊನೆಗೆ ಏನು ಮಾಡುತ್ತೀರಿ?"

ಕೊನೆಗೆ ಎಲ್ಲ ಇಲಿಗಳನ್ನೂ ಕೊಂದು ಮೂಳೆ ತೆಗೆದು ಅಳೆಯುವುದು ಎಂಬುದನ್ನು ಬಹಳ ಮೆಲ್ಲಗೆ ಹೇಳಿದೆ. ಮಿಸೆಸ್ ಪ್ರಿಂಗಲ್ ಎದ್ದು, ಗೂಟದಿಂದ ಟೋಪಿ ತೆಗೆದು ತಲೆಗೆ ಹಾಕಿಕೊಂಡು, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ತಮ್ಮ ಮನೆಯೊಳಗೆ ಟೋಪಿ ಯಾಕೆ ಎಂದು ನನಗೆ ತಿಳಿಯಲಿಲ್ಲ. ಯುದ್ಧಕ್ಕೆ ಹೊರಡುವಾಗ ಅಲ್ಲಿನ ಹೆಂಗಸರು ಹಾಗೆ ಮಾಡುತ್ತಾರೆಂದು ಆಮೇಲೆ ಗೊತ್ತಾಯಿತು.

"ಕೊಡುವುದಿಲ್ಲ," ಎಂದರು.

ಸಂಧಾನ

ಮಾರನೆಯ ಬೆಳಗ್ಗೆ ಡಾಕ್ಟರ್ ಲೋಗನ್ ಅವರೇ ಬಂದರು. ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಯಿತು. ಒಳಗಿದ್ದ ತಗ್ಗು ಕುರ್ಚಿಯಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಎದುರಿಗೆ ಟೋಪಿ ಹಾಕಿಕೊಂಡ ಮಿಸೆಸ್ ಪ್ರಿಂಗಲ್, ಮಡಿಲಲ್ಲಿ ಹ್ಯಾಮಿಷ್. ನಡುವೆ ನಾನು, ಹೆಣ್ಣು ನೋಡಲು ಬಂದವರಿಗೆ ತಿಂಡಿ ಕೊಡುವವಳ ಹಾಗೆ ತಟ್ಟೆ ಹಿಡಿದು ನಿಂತಿದ್ದೆ.

"ಮಿಸೆಸ್ ಪ್ರಿಂಗಲ್, ಇದು ನಮ್ಮ ಪ್ರಯೋಗದ ಪ್ರಾಣಿ," ಎಂದರು ಡಾಕ್ಟರ್.

"ಇದು ನನ್ನ ಹೂವಿನಿಂದ ಹಾಳಾದ ಪ್ರಾಣಿ. ನೋಡಿಕೊಳ್ಳುವುದು ನನ್ನ ಜವಾಬ್ದಾರಿ."

"ಇವನ ಮೂಳೆ ಅಳೆಯದಿದ್ದರೆ ನಮ್ಮ ಲೆಕ್ಕ ಪೂರ್ತಿಯಾಗುವುದಿಲ್ಲ."

"ನಿಮ್ಮ ಬೆನ್ನೂ ಬಾಗಿದೆ. ನಿಮ್ಮದನ್ನು ಹೊರಗೆ ತೆಗೆದು ಅಳೆದಿದ್ದಾರೆಯೇ?"

ಡಾಕ್ಟರ್ ಲೋಗನ್ ತಮ್ಮ ಭುಜವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ನಗುವ ಹಾಗೆ ಮಾಡಿ, "ಇಲ್ಲ. ಹುಡುಗಿಯಾಗಿದ್ದಾಗ ನಾನು ಎಷ್ಟು ಬೇಗ ಬೆಳೆದೆನೆಂದರೆ, ನನ್ನ ಚಿಕ್ಕಮ್ಮ ಬೆನ್ನಿಗೆ ಹಲಗೆ ಕಟ್ಟಿ ಕೂರಿಸುತ್ತಿದ್ದಳು. ಇಡೀ ಶಾಲೆಯಲ್ಲಿ ಎತ್ತರ ಕಾಣಬಾರದೆಂದು ನಾನೇ ಬಗ್ಗಿ ನಡೆಯುತ್ತಿದ್ದೆ. ಹಲಗೆ ಹಿಂದಕ್ಕೆ ಎಳೆಯುತ್ತಿತ್ತು, ನಾಚಿಕೆ ಮುಂದಕ್ಕೆ," ಎಂದರು.

ಬೆರಳು ಚಾಚಿದರು. ಹ್ಯಾಮಿಷ್ ಅದನ್ನು ಮೂಸಿ, ಕೋಡುಬಳೆಯ ವಾಸನೆ ಇಲ್ಲದ್ದಕ್ಕೆ ಬೇಸರಪಟ್ಟು ಮತ್ತೆ ಟೊಪ್ಪಿಗೆಯೊಳಕ್ಕೆ ಹೋಯಿತು.

"ಎಕ್ಸ್‌ರೇ ಸಾಕು," ಎಂದರು ಡಾಕ್ಟರ್ ಕೊನೆಗೆ. "ಇವನೊಬ್ಬನದು ಮಾತ್ರ ಎಕ್ಸ್‌ರೇಯಿಂದ ಅಳೆದದ್ದು ಎಂದು ವರದಿಯಲ್ಲಿ ಬರೆಯುತ್ತೇನೆ. ಶುಕ್ರವಾರ ಒಂದು ದಿನ ಕಳಿಸಿ. ಆಮೇಲೆ ಸೂಜಿ ನಿಲ್ಲಿಸುತ್ತೇನೆ. ಬೆಳೆಯುವುದು ನಿಂತರೆ ಬಾಗುವುದೂ ನಿಲ್ಲುತ್ತದೆ. ಆದರೆ ಬೆಚ್ಚಗೆ ಇಟ್ಟುಕೊಳ್ಳಬೇಕು, ಈ ಗ್ರಂಥಿ ಇಲ್ಲದವಕ್ಕೆ ಚಳಿ ತಡೆಯುವುದಿಲ್ಲ."

"ಕಳಿಸುವುದಿಲ್ಲ. ನಾನೇ ಕರೆತರುತ್ತೇನೆ," ಎಂದು ಮಿಸೆಸ್ ಪ್ರಿಂಗಲ್ ಟೋಪಿ ತೆಗೆದರು. ಆಗ ಚಹಾ ಬಂತು.

ಶುಕ್ರವಾರ

ಆ ಮೂವರು ದೊಡ್ಡ ಮನುಷ್ಯರು ಒಂದೇ ಥರದ ಕರಿ ಕೋಟು ಹಾಕಿಕೊಂಡು ಬಂದರು. ಮೂಲೆಯ ಕುರ್ಚಿಯಲ್ಲಿ ಬುಟ್ಟಿ ಹಿಡಿದು ಕೂತಿದ್ದ ಮಿಸೆಸ್ ಪ್ರಿಂಗಲ್ ಯಾರೆಂದು ಯಾರೂ ಕೇಳಲಿಲ್ಲ. ಅವರ ಟೋಪಿಯ ಗರಿ ನೋಡಿ ಯಾವುದೋ ದೊಡ್ಡ ದಾನಿ ಎಂದುಕೊಂಡಿರಬೇಕು. ನಾನು ಇಲಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ವಿವರಿಸಿದೆ. ಗ್ರಂಥಿ ತೆಗೆದ ಪುಟ್ಟ ಇಲಿ ನೆಟ್ಟಗಿತ್ತು, ಅದರ ಪಕ್ಕದಲ್ಲಿ ಹಾರ್ಮೋನು ಪಡೆದ ಹ್ಯಾಮಿಷ್ ಗುಡ್ಡದ ಹಾಗಿತ್ತು. ಎರಡೂ ತಿಂದದ್ದು ಒಂದೇ ಬೀಜ.

"ಅಂದರೆ ಬೀಜವೊಂದೇ ಸಾಲದು, ಬೆಳವಣಿಗೆಯೂ ಇರಬೇಕು," ಎಂದರು ಅವರಲ್ಲಿ ಹಿರಿಯರು. ಹೌದೆಂದೆ. ಅವರು ಹ್ಯಾಮಿಷನನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡತೊಡಗಿದರು. ನೋಡುತ್ತಲೇ ಇದ್ದರು.

"ಸಾಕು," ಎಂದಿತು ಮೂಲೆಯಿಂದ ಒಂದು ಧ್ವನಿ. "ಅವನ ಕೈಕಾಲು ತಣ್ಣಗಾಗುತ್ತೆ."

ಹಿರಿಯರು ತಪ್ಪು ಮಾಡಿದ ಹುಡುಗನ ಹಾಗೆ ಇಲಿಯನ್ನು ಇಳಿಸಿದರು. ಮಿಸೆಸ್ ಪ್ರಿಂಗಲ್ ಬಂದು ಹ್ಯಾಮಿಷನಿಗೆ ಟೊಪ್ಪಿಗೆ ಹೊದಿಸಿ ಬುಟ್ಟಿಯಲ್ಲಿಟ್ಟುಕೊಂಡು ಬಾಗಿಲ ಕಡೆ ನಡೆದರು. ಡಾಕ್ಟರ್ ಲೋಗನ್ ಕಣ್ಣು ಮುಚ್ಚಿಕೊಂಡರು. ನನಗೆ ಹಡಗಿನ ಭೋಂಗಾ ಕಿವಿಯಲ್ಲೇ ಕೇಳಿಸಿತು. ಆದರೆ ಹಿರಿಯರು ಕನ್ನಡಕ ಒರೆಸಿಕೊಂಡು, "ಪ್ರಾಣಿಗಳನ್ನು ಇಷ್ಟು ಕಾಳಜಿಯಿಂದ ನೋಡಿಕೊಳ್ಳುವ ಪ್ರಯೋಗಾಲಯವನ್ನು ನಾನು ಬೇರೆಲ್ಲೂ ಕಂಡಿಲ್ಲ," ಎಂದರು. ಕೆಲಸ ಮುಂದುವರಿಯಿತು. ನಾನೂ ಉಳಿದೆ.

ಹೊರಡುವ ಮುಂಚಿನ ಭಾನುವಾರ

ಡಾಕ್ಟರ್ ಲೋಗನ್ ಮಿಸೆಸ್ ಪ್ರಿಂಗಲ್‌ಗೆ ಒಂದು ಉಡುಗೊರೆ ಕೊಟ್ಟರು: ಹ್ಯಾಮಿಷನ ಎಕ್ಸ್‌ರೇಯನ್ನು ಕಿಟಕಿಯಷ್ಟು ದೊಡ್ಡದು ಮಾಡಿ ಅಚ್ಚು ಹಾಕಿಸಿದ್ದು. ತಲೆಯ ಭಾಗ ಅದರಲ್ಲಿ ಹಿಡಿಸಿರಲಿಲ್ಲ. ಕುತ್ತಿಗೆಯಿಂದ ಕೆಳಗೆ ಬಿಲ್ಲಿನಂತೆ ಬಾಗಿದ ಬೆನ್ನುಮೂಳೆ, ಪಕ್ಕೆಲುಬು, ಅದರ ಕೆಳಗೆ ಉಳಿದದ್ದು. ಮಿಸೆಸ್ ಪ್ರಿಂಗಲ್ ಅದಕ್ಕೆ ಗಾಜು, ಚೌಕಟ್ಟು ಹಾಕಿಸಿ ಅಗ್ಗಿಷ್ಟಿಕೆಯ ಮೇಲೆ, ತೀರಿಹೋದ ಗಂಡನ ಫೋಟೋದ ಪಕ್ಕದಲ್ಲಿ ತೂಗುಹಾಕಿದರು.

ಆ ಭಾನುವಾರ ನನ್ನನ್ನು ಬೀಳ್ಕೊಡಲೆಂದು ಅವರ ಚರ್ಚಿನ ಪಾದ್ರಿಗಳು ಚಹಾಕ್ಕೆ ಬಂದಿದ್ದರು. ಬಹಳ ಮೃದು ಮನುಷ್ಯರು. ಬಿಸ್ಕತ್ತು ಕಚ್ಚುತ್ತಾ ಫೋಟೋ ನೋಡಿದರು, ಪಕ್ಕದ ಎಕ್ಸ್‌ರೇ ನೋಡಿದರು, ಬಿಸ್ಕತ್ತು ಕೆಳಗಿಟ್ಟರು.

"ಇದು ಮನೆಯವರದೇ?"

"ಹೌದು, ನಮ್ಮವನದೇ," ಎಂದರು ಮಿಸೆಸ್ ಪ್ರಿಂಗಲ್, ಚಹಾ ಸುರಿಯುತ್ತಾ.

ನಮ್ಮ ಭಾಷೆಯಲ್ಲಾಗಿದ್ದರೆ ಗಂಡನಿಗೆ ಅವರು, ಇಲಿಗೆ ಅದು, ಅಲ್ಲಿಗೆ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಹೀ.

"ಇಷ್ಟು ನೋವಿದ್ದರೂ ಅವರು ಒಂದು ದಿನವೂ ಹೇಳಿಕೊಂಡವರಲ್ಲ," ಎಂದರು ಪಾದ್ರಿಗಳು, ಕಣ್ಣು ತೇವವಾಗಿತ್ತು.

"ಹೇಳಿಕೊಳ್ಳುವ ಸ್ವಭಾವವೇ ಅಲ್ಲ ಅವನದು. ಈಗ ಆರಾಮವಾಗಿದ್ದಾನೆ. ರಾತ್ರಿ ಮಾತ್ರ ಮನೆಯೆಲ್ಲ ಓಡಾಡುತ್ತಾನೆ, ಬೆಣ್ಣೆ ಮುಚ್ಚಿಡದಿದ್ದರೆ ಮುಗಿಯಿತು."

ಪಾದ್ರಿಗಳು ಬಟ್ಟಲನ್ನೂ ಕೆಳಗಿಟ್ಟರು. ಅವರು ಮತ್ತೆ ಎಕ್ಸ್‌ರೇಯ ಕಡೆ ತಿರುಗಿದರು. ಅವರ ಕಣ್ಣು ಕುತ್ತಿಗೆಯಿಂದ ಶುರುವಾಗಿ ಗೂನನ್ನು ಹತ್ತಿ, ಇಳಿದು, ಸೊಂಟ ದಾಟಿ, ಅಲ್ಲಿಂದ ಮುಂದೆ ಮೂಳೆ ಮೂಳೆಯಾಗಿ ಚೌಕಟ್ಟಿನ ಅಂಚಿನವರೆಗೆ ಹೋಗುವ ಬಾಲವನ್ನು ನಿಧಾನವಾಗಿ ಹಿಂಬಾಲಿಸಿತು.

"ಮಿಸೆಸ್ ಪ್ರಿಂಗಲ್," ಎಂದರು ಬಹಳ ಮೆಲ್ಲಗೆ, "ಈ ಸಂಗತಿ ನಮ್ಮ ಚರ್ಚಿನಲ್ಲಿ ಬೇರೆ ಯಾರಿಗಾದರೂ ಗೊತ್ತಿದೆಯೇ?"

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ.